ಹಿತ್ತಿಲ ಕೊಟ್ಟಿಗೆಯ ನಂಬರು

ಬೈಲಹೊಂಗಲದಲ್ಲಿ ಬಾಡಿಗೆ ಮನೆ ಕೇಳಿದಲ್ಲೆಲ್ಲ ಇಂದ್ರವ್ವನಿಗೆ ಮೂರು ಪ್ರಶ್ನೆ ಎದುರಾಗುತ್ತಿದ್ದವು. ಯಾವ ಊರು, ಯಾರ ಪೈಕಿ, ಗಂಡಸರು ಯಾರಿದ್ದಾರೆ? ಸವದತ್ತಿ ಕಡೆಯ ಅವಳ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಗುಡಿಸಲಿದ್ದದ್ದು ಗೌಡರ ಜಾಗದಲ್ಲಿ, ಹಾಗಾಗಿ ಪರಿಹಾರ ಗೌಡರಿಗೆ ಹೋಯಿತು. ಹೊಸ ಊರಿನ ಯಾದಿಯಲ್ಲಿ ಅವಳ ಹೆಸರೇ ಬರಲಿಲ್ಲ. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಇನ್ನು ಯಾರ ಪೈಕಿ ಎಂಬುದಕ್ಕೆ ಅವಳು ನಿಜ ಹೇಳುತ್ತಿದ್ದಳು, ಕೇಳಿದವರು ಮನೆ ಖಾಲಿ ಇಲ್ಲವೆನ್ನುತ್ತಿದ್ದರು. ಆರು ವರ್ಷದ ಮಗಳು ಶಟ್ಟೆವ್ವನೊಂದಿಗೆ ಧರ್ಮಶಾಲೆಗೆ ಹೋದರೆ ಅಲ್ಲಿ ಮೂರೇ ದಿನ. ಧರ್ಮಕ್ಕೂ ಒಂದು ವಾಯಿದೆ ಇರಬೇಕಲ್ಲ.

ಕೊನೆಗೆ ಜಾಗ ಕೊಟ್ಟವರು ಭಾಗೀರಥಿಬಾಯಿ, ವೈದಿಕರ ಮನೆಯ ಒಂಟಿ ಮುದುಕಿ. ಬರದಲ್ಲಿ ಆಕಳು ಮಾರಿದ ಮೇಲೆ ಅವರ ಹಿತ್ತಿಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಬಾಡಿಗೆ ಬೇಡ, ಅಂಗಳ ಗುಡಿಸಿ ಸಾರಿಸಿದರೆ ಸಾಕು ಎಂದರು. ಇಂದ್ರವ್ವ ಹಗಲು ಹತ್ತಿ ಬಿಡಿಸುವ ಜಿನ್ನಿನ ಗಿರಣಿಯಲ್ಲಿ ದುಡಿದು ಸಂಜೆ ಅಲ್ಲಿಗೆ ಬರುತ್ತಿದ್ದಳು. ಹಬ್ಬಕ್ಕೆ ಹೋಳಿಗೆ, ಹುಡುಗಿಗೆ ಜ್ವರ ಬಂದರೆ ಕಷಾಯ, ಎಲ್ಲವೂ ಸಿಗುತ್ತಿತ್ತು, ದೂರದಿಂದ ಇಟ್ಟು. ಮುದುಕಿಯ ಮನಸ್ಸು ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

ಅದು ಎಪ್ಪತ್ತನಾಲ್ಕನೆಯ ಇಸವಿ. ಪೇಟೆಯ ಜೋಳ ಕೂಲಿಯವರ ಕೈಗೆ ಎಟುಕುತ್ತಿರಲಿಲ್ಲ. ರೇಷನ್ ಅಂಗಡಿಯ ಕೆಂಪು ಜೋಳಕ್ಕೆ ಕಾರ್ಡು ಬೇಕು, ಕಾರ್ಡಿಗೆ ಮನೆ ನಂಬರು ಅಥವಾ ಮಾಲೀಕರ ಚೀಟಿ ಬೇಕು. ರೊಟ್ಟಿ ಒಂದೇ ಹೊತ್ತಿಗೆ ಇಳಿದಾಗ ಇಂದ್ರವ್ವ ಚೀಟಿ ಕೇಳಿದಳು. ಭಾಗೀರಥಿಬಾಯಿಯ ಮುಖ ಸಪ್ಪಗಾಯಿತು. ಉಳುವವನೇ ಒಡೆಯ ಎಂಬ ಹೊಸ ಕಾಯ್ದೆಯ ಬಲದ ಮೇಲೆ ದೊಡವಾಡದ ಅವರ ಹೊಲಕ್ಕೆ ಉಳುವವನು ಆಗಲೇ ಅರ್ಜಿ ಹಾಕಿದ್ದ. ಕಾಗದದಲ್ಲಿ ಒಬ್ಬರ ಹೆಸರು ಬಂತೆಂದರೆ ಆಸ್ತಿ ಹೋಯಿತು ಎಂಬುದೇ ಅವರ ತಿಳಿವಳಿಕೆ. ಕಾಯ್ದೆ ಹೊಲದ್ದು, ಮನೆಯದಲ್ಲ ಎಂದು ನೆರೆಯವರು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ನುಚ್ಚು ಬೇಕಾದರೆ ಕೊಡುತ್ತೇನೆ, ಚೀಟಿ ಮಾತ್ರ ಕೇಳಬೇಡ ಎಂದುಬಿಟ್ಟರು.

ಶ್ರಾವಣದಲ್ಲಿ ಮಲೇರಿಯಾದವನು ಔಷಧಿ ಹೊಡೆಯಲು ಬಂದ. ಮಂದಿ ಮಲಗುವ ಜಾಗಕ್ಕೆಲ್ಲ ನಂಬರು ಬೇಕೆಂದು ಕೊಟ್ಟಿಗೆಯ ಸೂರಿನಡಿಯ ಗೋಡೆಗೂ ಕೆಂಪು ಬಣ್ಣದಲ್ಲಿ ೪೧/ಅ ಎಂದು ಬರೆದು ಹೋದ. ಇಂದ್ರವ್ವನಿಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನವೇ ಕೂಲಿ ಬಿಟ್ಟು ರೇಷನ್ ಕಾರಕೂನನ ಮುಂದೆ ನಿಂತು, ನಂಬರು ಬಂದಿದೆ ಎಂದಳು. ಅವನು ಹೆಸರು ಬರೆದುಕೊಂಡು, ಮುಂದಿನ ಸೋಮವಾರ ಒಬ್ಬರನ್ನು ಕಳಿಸಿ ನೋಡಿಸುತ್ತೇನೆ, ನೀನು ಅಲ್ಲಿರುವುದು ಖರೆಯಾದರೆ ಕಾರ್ಡು ಕೊಡುತ್ತೇನೆ ಎಂದ. ಆ ವಾರ ಗೋಡೆ ಸಾರಿಸುವಾಗ ಅವಳು ನಂಬರಿನ ಸುತ್ತ ಒಂದು ಗೇಣು ಬಿಟ್ಟಳು.

ಆ ಬಿಟ್ಟ ಗೇಣೇ ಭಾಗೀರಥಿಬಾಯಿಯ ಕಣ್ಣಿಗೆ ಬಿತ್ತು. ಕೇಳಿದಾಗ ಇಂದ್ರವ್ವ ಎಲ್ಲವನ್ನೂ ಹೇಳಿದಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಇಂದ್ರವ್ವನಿಗೂ ಎದುರು ಮಾತಾಡಲು ಬಾಯಿ ಬರುತ್ತಿತ್ತು.

“ನಿನ್ನ ಹೊರಗ ಹಾಕಲಿಕ್ಕೆ ನನಗ ಮನಸಿಲ್ಲವಾ. ಆದರ ನಂದೂ ಇರೋದು ಇದೊಂದ ಮನಿ ಅದ. ಕಾರ್ಡು ಬೇಕಂದ್ರ ಬ್ಯಾರೆ ಕಡೆ ಜಾಗಾ ನೋಡು. ಇಲ್ಲೇ ಇರ್ತೀನಿ ಅಂದ್ರ ಗ್ವಾಡಿ ಪೂರಾ ಸಾರಿಸು.”

ಬೇರೆ ಕಡೆ ಎಂದರೆ ಏನೆಂದು ಇಂದ್ರವ್ವನಿಗೆ ಗೊತ್ತಿತ್ತು. ಹೊರಗೆ ನಾಲ್ಕು ದಿನದಿಂದ ಜಡಿಮಳೆ. ಸೋಮವಾರ ಬೆಳಿಗ್ಗೆ ಸಗಣಿ ಕಲಸಿ ಗೋಡೆ ಪೂರಾ ಸಾರಿಸಿದಳು. ನಂಬರಿನ ಮೇಲೆ ಕೈ ಆಡಿಸುವಾಗ ಅವಳಿಗೆ ಅಳು ಬಂತು, ಅತ್ತಳು, ಮತ್ತೆ ಸಾರಿಸಿದಳು.

ಮಧ್ಯಾಹ್ನ ಕಚೇರಿಯ ಮನುಷ್ಯ ಕೊಡೆ ಹಿಡಿದು ಬಂದ. ಆ ದಿನ ಕೂಲಿಗೆ ಹೋಗದ ಇಂದ್ರವ್ವ ಮಗಳೊಂದಿಗೆ ಕೊಟ್ಟಿಗೆಯ ಬಾಗಿಲಲ್ಲಿದ್ದಳು; ಅವನು ಅವಳನ್ನು ಹಿಂದೆ ನೋಡಿದವನಲ್ಲ. ಹಿತ್ತಿಲ ಬಾಗಿಲಲ್ಲಿ ಭಾಗೀರಥಿಬಾಯಿ ನಿಂತಿದ್ದರು.

“ಇಂದ್ರವ್ವ ಅನ್ನಾಕಿ ಇಲ್ಲಿ ಇರ್ತಾಳೇನು?”

ಶಟ್ಟೆವ್ವ ಬಾಯಿ ತೆರೆದಳು. ತಾಯಿ ಅವಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು.

“ಇಲ್ರಿ. ಇದು ದನದ ಕೊಟ್ಟಿಗಿ ಐತ್ರಿ,” ಎಂದಳು ಇಂದ್ರವ್ವ.

ಅವನು ಚೀಟಿಯ ಮೇಲೆ ಏನೋ ಗೀಚಿದ. ಏನು ಬರೆದಿರಿ ಎಂದು ಇಂದ್ರವ್ವ ಮೆಲ್ಲಗೆ ಕೇಳಿದಳು.

“ಅಂಥಾಕಿ ಇಲ್ಲಿ ಯಾರೂ ಇಲ್ಲ ಅಂತ ಬರದೆ.”

“ಹೌದ್ರಿ,” ಎಂದು ಇಂದ್ರವ್ವ ಮಗಳ ಕೈ ಬಿಡದೆ ನಿಂತಳು.