ಚಿಂತಾಕಿಗೆ ಬಿಷಪ್ ಹೋದ ಗುರುವಾರ

ಈ ಪ್ರಯಾಣಕ್ಕೆ ಕಾರಣ ನನ್ನ ಹಲ್ಕಟ್ ಬುದ್ಧಿ. ಬೀದರಿನ ನಮ್ಮ ಲುಥೆರನ್ ಸಭೆಯ ಕಚೇರಿಯಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಎಲ್ಲರ ದನಿ ಅಣಕಿಸುವುದು ಸಂಬಳವಿಲ್ಲದ ಕೆಲಸ. ಹೊಸ ಬಿಷಪ್ ಅಮ್ಮನವರು ಬೀದರಿಗೆ ಬಂದ ವಾರ ಚಿಂತಾಕಿಯಿಂದ ರೂತಮ್ಮ ಎಂಬಾಕೆ ಫೋನ್ ಮಾಡಿದಳು. ಮಳೆ ಕೈಕೊಟ್ಟು ಎರಡನೇ ವರ್ಷ. ಗುರುವಾರ ಮಧ್ಯಾಹ್ನ ಅವರ ಓಣಿ ಪೂರ್ತಿ ಲಾರಿ ಹತ್ತಿ ಹೈದರಾಬಾದಿಗೆ ದುಡಿಯಲು ಹೊರಡುವುದಿತ್ತು. ಅದಕ್ಕೂ ಮೊದಲು ತನ್ನ ಕೂಸಿಗೆ ದೀಕ್ಷಾಸ್ನಾನ ಆಗಬೇಕು, ಪಾಸ್ಟರ್ ಸಿಗುತ್ತಿಲ್ಲ ಎಂದಳು. ಎದುರಿಗೆ ಗೆಳೆಯರಿದ್ದರಲ್ಲ, ಬಿಷಪ್ಪರ ತೆಲುಗು ರಾಗ ಎಳೆದು, "ಬಿಷಪ್ ಮಾತಾಡ್ತಿದ್ದೇನೆ, ಗುರುವಾರ ನಾನೇ ಬರ್ತೇನಮ್ಮಾ" ಎಂದುಬಿಟ್ಟೆ. ಆಕೆ ಅತ್ತಳು. ಗೆಳೆಯರ ನಗು ನಿಂತಿತು.

ಬುಧವಾರ ಬಿಷಪ್ಪರೆದುರು ಒಪ್ಪಿಕೊಂಡೆ.

"ನನ್ನ ದನಿ ಸರಿ ಬಂದಿತ್ತಾ?"

"ಮೂಗು ಸ್ವಲ್ಪ ಜಾಸ್ತಿ ಆಗಿತ್ತರಿ."

"ಮಾತು ನನ್ನ ಹೆಸರಲ್ಲಿ ಹೋಗ್ಯದ. ನಡಿ, ಬ್ಯಾಗು ನೀನೇ ಹೊರು."

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಭಾಲ್ಕಿ. ಅಲ್ಲಿದ್ದ ಒಂದು ಮೀಟಿಂಗಿಗೆ ಬಿಷಪ್ಪರು ಮುಖ ತೋರಿಸಿ ಬಂದರು. ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಹೇಳಿದರು: "ಈ ಊರಾಗ ಒಂಬತ್ತು ವರ್ಷ ಕೆಲಸ ಮಾಡೀನಿ. ಪ್ರಸಂಗ ನಂದು, ರೋಗಿಗಳು ನನ್ನ ಪಾಲು. ದೀಕ್ಷಾಸ್ನಾನಕ್ಕ ಮಾತ್ರ ಬೀದರಿಂದ ಗಂಡಸು ಬರಬೇಕಿತ್ತು. ನೀರು ಕಾಸಿ ಕೊಡಾಕಿ ನಾನು." ಹೆಂಗಸರಿಗೂ ಪಾಸ್ಟರ್ ದೀಕ್ಷೆ ಕೊಡತೊಡಗಿದಾಗ ಬಿಷಪ್ಪರ ಕೂದಲು ಅರ್ಧ ಬೆಳ್ಳಗಾಗಿತ್ತಂತೆ. ನಾನು ನಾಲ್ಕನೇ ಭಜಿ ಕೆಳಗಿಟ್ಟೆ; ಆಮೇಲೆ ತಿಂದೆ.

ಬಸ್ಸಿನಲ್ಲಿ ಔರಾದು, ಅಲ್ಲಿಂದ ಜೀಪು. ಹನ್ನೊಂದಕ್ಕೇ ನೆತ್ತಿ ಸುಡುತ್ತಿತ್ತು. ಹೊಲದ ತೊಗರಿ ಮೊಣಕಾಲು ದಾಟಿರಲಿಲ್ಲ. ಚಿಂತಾಕಿಯಲ್ಲಿ ಲಾರಿ ಆಗಲೇ ನಿಂತಿತ್ತು, ಮೇಲೆ ಗಂಟು, ಕೊಡ, ಕೋಳಿ. ರೂತಮ್ಮನ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಟ್ಯಾಂಕರಿನಿಂದ ಹಿಡಿದಿಟ್ಟ ಒಂದು ಚರಿಗೆ ನೀರು.

"ಅಕ್ಕಾ, ಫೋನಿನಾಗ ಮಾತಾಡಿದಾಂವ ನಾನೇ."

"ಈಗ ತಿಳೀತು ಬಿಡು. ಅಮ್ಮನೋರ ದನಿ ಅಷ್ಟು ಕೆಟ್ಟ ಇಲ್ಲ."

ಗುಡಿಸಲಿನಂಥ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಆಕೆಯ ಮಾವ, ಸಭೆಯ ಹಿರಿಯ ಸಮುವೇಲಪ್ಪ ಅಡ್ಡ ನಿಂತರು. "ಪ್ರಸಂಗ ಮಾಡ್ರಿ, ಕೇಳ್ತೇವಿ. ನೀರು ಹಾಕೋದು ಗಂಡಸರ ಕೆಲಸರಿ. ಈಸ್ಟರಿಗಿ ತಿರುಗಿ ಬರ್ತೇವಿ, ಆಗ ಪಾಸ್ಟರ್‌ಗ ಕರಸ್ತೇವಿ."

ಲಾರಿಯವನು ಹಾರನ್ ಹೊಡೆದ. ಬಿಷಪ್ಪರು ಬ್ಯಾಗಿನಿಂದ ಬಿಳಿ ನಿಲುವಂಗಿ ತೆಗೆದು ಹಾಕಿಕೊಂಡರು, ತೋಳು ಮಡಚಿ ನಿಂತರು. ರೂತಮ್ಮ ಮುಂದೆ ಬಂದು ಮಾವನಿಗೆ ಒಂದೇ ಮಾತು ಹೇಳಿದಳು. ಮುದುಕರು ಸೊಸೆಯನ್ನು ನೋಡಿದರು, ಲಾರಿ ನೋಡಿದರು, ಪಕ್ಕಕ್ಕೆ ಸರಿದರು. ಮೂರು ಬೊಗಸೆ ನೀರಿಗೆ ಕೂಸು ಊರು ಕೇಳುವಂತೆ ಚೀರಿತು. ಉಳಿದ ನೀರನ್ನು ಲಾರಿ ಹತ್ತುವವರು ಗುಟುಕು ಗುಟುಕಾಗಿ ಕುಡಿದರು. ಕೊನೆಯ ಗುಟುಕು ಸಮುವೇಲಪ್ಪರದು.

ಸಂಜೆ ಬೀದರಿನ ಬಸ್ಸಿನಲ್ಲಿ ಬಿಷಪ್ಪರು, "ರೂತಮ್ಮ ಮಾವಗ ಅಂದದ್ದು ಇನ್ನೊಮ್ಮೆ ಹೇಳು, ಆಕಿ ದನಿಯಾಗೇ" ಎಂದರು. ಉಪ್ಪು ಖಾರ ಸೇರಿಸದೆ ಹೇಳಿದೆ:

"ಮಾವಾ, ಕೂಸಿನ ತಲಿ ಇಲ್ಲೇ ಅದ, ಅಮ್ಮನೋರ ಕೈ ಇಲ್ಲೇ ಅದ. ನಡುವ ನೀವ್ಯಾಕ ನಿಂತೀರಿ?"