ಕೆಂಚನ ಎಂಟು ವಾರ

ಸುಪ್ರಜಾ ಶೇಷಾದ್ರಿಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ವಯಸ್ಸು ಐವತ್ತೊಂದು. ಮದುವೆಯಾಗಲಿಲ್ಲ, ಯಾಕೆಂದು ಕೇಳುತ್ತಿದ್ದವರೂ ಕೇಳಿ ಕೇಳಿ ಬಿಟ್ಟುಬಿಟ್ಟರು. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ, ತಾಯಿ ಚೂಡಾಮಣಿ ಮತ್ತು ಕೆಂಚ ಎಂಬ ನಾಯಿಯ ಜೊತೆ ಅವಳ ಸಂಸಾರ.

ಕೆಂಚನನ್ನು ತಂದವರು ಚೂಡಾಮಣಿಯವರೇ. ಆರು ವರ್ಷದ ಹಿಂದೆ ತರಕಾರಿಗೆಂದು ಹೋದವರು, ಚೀಲದಲ್ಲಿ ಹುರುಳಿಕಾಯಿಯ ಮೇಲೆ ಬೀದಿಯ ಮರಿಯೊಂದನ್ನು ಮಲಗಿಸಿಕೊಂಡು ಬಂದಿದ್ದರು. ಆಗ ಅವರ ನೆನಪು ಗಟ್ಟಿಯಾಗಿತ್ತು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸು. ಈಗ ಬೆಳಿಗ್ಗೆ ತಿಂದ ಉಪ್ಪಿಟ್ಟು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಗಳನ್ನೇ ಒಮ್ಮೊಮ್ಮೆ ತಂಗಿ ಎಂದುಕೊಳ್ಳುತ್ತಾರೆ. ಕೆಂಚನ ಹೆಸರು ಮಾತ್ರ ಒಮ್ಮೆಯೂ ತಪ್ಪಿಲ್ಲ.

ಕೆಂಚನೂ ಹಾಗೆಯೇ. ತಟ್ಟೆಗೆ ಹಾಕಿದರೆ ಮೂಸಿ ಮುಖ ತಿರುಗಿಸುತ್ತಿದ್ದ. ಚೂಡಾಮಣಿ ಮೊಸರನ್ನ ಕಲಸಿ, ತುತ್ತು ಮಾಡಿ, “ಆ ಮಾಡೋ” ಎಂದರೆ ಮಾತ್ರ ಬಾಯಿ ತೆರೆಯುತ್ತಿದ್ದ. ನಾಲ್ಕು ಗಂಟೆಗೆ ಕಾಫಿಯ ಜೊತೆ ಅವರಿಗೆ ಎರಡು ರಸ್ಕ್. ಅದರಲ್ಲಿ ಒಂದು ಇವನಿಗೆ.

ಕಳೆದ ಯುಗಾದಿಯ ಹೊತ್ತಿಗೆ ಕೆರೆತ ಶುರುವಾಯಿತು. ಕಾಲುಬೆರಳುಗಳ ಸಂದು ರಕ್ತ ಬರುವ ತನಕ ಕಡಿದುಕೊಂಡ. ಹೊಟ್ಟೆಯ ಕೂದಲು ಉದುರಿತು. ಕಿವಿಯೊಳಗೆ ಕೀವಾಗಿ ಮನೆಯೆಲ್ಲ ವಾಸನೆ.

“ಯಾವುದೋ ಊಟ ಇವನಿಗೆ ಆಗ್ತಿಲ್ಲ ಮೇಡಂ,” ಅಂದರು ಪಶುವೈದ್ಯೆ ಡಾಕ್ಟರ್ ತೇಜಶ್ರೀ. “ಗೋಧಿ ಇರಬಹುದು, ಹಾಲು ಮೊಸರು ಇರಬಹುದು. ರಕ್ತ ಪರೀಕ್ಷೆ ಮಾಡಿ ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ. ಇವನು ಇದುವರೆಗೂ ತಿಂದೇ ಇಲ್ಲದ ಒಂದು ಊಟ ಎಂಟು ವಾರ ಕೊಡಿ. ಅದು ಬಿಟ್ಟು ಬೇರೇನೂ ಇಲ್ಲ. ಒಂದು ಚೂರು ರಸ್ಕ್ ಒಳಗೆ ಹೋದ್ರೂ ಮತ್ತೆ ಮೊದಲಿಂದ ಎಣಿಸ್ಬೇಕು.”

ಸುಪ್ರಜಾ ಮೊದಲು ಅಲರ್ಜಿಯ ನಾಯಿಗಳಿಗೆಂದೇ ಮಾಡಿದ ಒಣ ಕಾಳಿನಂಥ ಆಹಾರ ತಂದಳು. ಕೆಂಚ ಎರಡು ದಿನ ಉಪವಾಸ ಬಿದ್ದ. ಚೂಡಾಮಣಿ ಅದನ್ನು ಕೈಯಲ್ಲಿ ಹಿಡಿದು ನೋಡಿ, “ಇದೇನೇ, ಗೋಲಿ ತಿನ್ನಿಸ್ತೀಯಾ ಮಗೂಗೆ?” ಎಂದು ಕಸದ ಡಬ್ಬಿಗೆ ಸುರಿದರು. ಬೇಯಿಸಿದ ಗೆಣಸು, ಸೋಯಾ, ಯಾವುದನ್ನೂ ತಾಯಿಯ ಕೈಯಿಂದಲೂ ಅವನು ಮೂಸಲಿಲ್ಲ. ಸುಪ್ರಜಾ ಫ್ರಿಜ್ಜಿನ ಮೇಲೆ “ಕೆಂಚನಿಗೆ ಎನೂ ಕೊಡಬೇಡ” ಎಂದು ಬರೆದು ಅಂಟಿಸಿದಳು. ಸಂಜೆ ಬಂದು ನೋಡಿದರೆ “ಎನೂ” ಹೊಡೆದು, ಕೆಂಪು ಇಂಕಿನಲ್ಲಿ “ಏನೂ” ಎಂದು ತಿದ್ದಲಾಗಿತ್ತು. ಕೆಂಚನ ಮೂತಿಯ ಮೇಲೆ ರಸ್ಕಿನ ಪುಡಿ.

ಹಗಲು ತಾಯಿಯನ್ನು ನೋಡಿಕೊಳ್ಳಲು ಬರುತ್ತಿದ್ದ ಕಮಲಮ್ಮ ಒಂದು ದಿನ ಹೇಳಿದಳು: “ಮೀನು ಹಾಕಿ ನೋಡಿ ಅಕ್ಕ. ನಮ್ಮನೇಲೇ ಬೇಯಿಸಿ, ಮುಳ್ಳು ತೆಗೆದು ತರ್ತೀನಿ.”

“ತಿಂದ್ರೆ ತಾನೇ ಕಮಲಮ್ಮ? ಅಮ್ಮ ಕೊಡದೆ ಅವನು ಮುಟ್ಟಲ್ಲ.”

“ಅಜ್ಜಿ ಕೈಯಿಂದ್ಲೇ ಕೊಡಿಸ್ಬಿಡಿ. ಅವರಿಗೇನ್ ಗೊತ್ತಾಗತ್ತೆ?”

ಸುಪ್ರಜಾ ಬೇಡವೆಂದು ತಲೆಯಾಡಿಸಿದಳು. ಹಬ್ಬದ ದಿನ ಈರುಳ್ಳಿಯನ್ನೂ ಮುಟ್ಟದ ತಾಯಿ. ಆದರೆ ಮಾರನೆಯ ಬೆಳಿಗ್ಗೆ ಕೆಂಚ ಮಲಗಿದ್ದ ಗೋಣಿಯ ಮೇಲೆ ರಕ್ತದ ಕಲೆ ಕಂಡಾಗ, ಕಮಲಮ್ಮನಿಗೆ ಫೋನ್ ಮಾಡಿ, “ತಗೊಂಬನ್ನಿ” ಎಂದಳು.

ಗೆಣಸಿನ ಜೊತೆ ಮೀನು ಕಿವುಚಿದ ಬಟ್ಟಲನ್ನು ತಾಯಿಯ ಮುಂದಿಟ್ಟು, “ಆಲೂಗಡ್ಡೆ ಅಮ್ಮ, ಕೆಂಚನಿಗೆ” ಎಂದಳು. ಚೂಡಾಮಣಿ ತುತ್ತು ಮಾಡಿ ಕೊಟ್ಟರು. ಕೆಂಚ ಬಟ್ಟಲು ನೆಕ್ಕಿದ. ಅಂದಿನಿಂದ ರಸ್ಕಿನ ಡಬ್ಬಿ ಕಮಲಮ್ಮನ ಚೀಲ ಸೇರಿತು. ಕಾಫಿಯ ಹೊತ್ತಿಗೆ ಅವಳು ನಾಯಿಯನ್ನು ತಾರಸಿಗೆ ಕರೆದೊಯ್ಯುತ್ತಿದ್ದಳು. ಹತ್ತು ದಿನವಾಯಿತು. ಹದಿನೈದಾಯಿತು. ಕಾಲಿನ ಕೆಂಪು ಇಳಿಯಿತು, ಹೊಟ್ಟೆಯ ಮೇಲೆ ಸಣ್ಣ ಕೂದಲು ಮೂಡಿತು. ಸುಪ್ರಜಾ ಲೈಬ್ರರಿಯಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತಾ ಒಬ್ಬಳೇ ನಗುತ್ತಿದ್ದಳು.

ಇಪ್ಪತ್ತೆರಡನೆಯ ದಿನ ಭಾನುವಾರ. ಚೂಡಾಮಣಿ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ಬೆರಳು ಮೂಸಿದರು. ಮಗಳ ಕಡೆ ನೋಡಿದ ಆ ನೋಟ ಎಷ್ಟೋ ತಿಂಗಳಿಂದ ಕಾಣದ್ದು, ತಿಳಿಯಾದದ್ದು.

“ಸುಪ್ರಜಾ, ಇದು ಮೀನು.”

“ಅಲ್ಲಮ್ಮ, ಆಲೂಗಡ್ಡೆ.”

“ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದೀನಿ ಕಣೆ ನಾನು. ದಿನಾ ಇದನ್ನೇ ಮುಟ್ಟಿಸಿದೀಯಾ?”

ಚೂಡಾಮಣಿ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದರು. ಹೊರಗೆ ಬಂದರು, ಮತ್ತೆ ಹೋಗಿ ತೊಳೆದರು. ಅರ್ಧ ಗಂಟೆಯಲ್ಲಿ ಯಾಕೆ ತೊಳೆಯುತ್ತಿದ್ದೇನೆ ಎನ್ನುವುದು ಮರೆತುಹೋಯಿತು, ತೊಳೆಯುವುದು ನಿಲ್ಲಲಿಲ್ಲ. ಸಂಜೆಯ ವೇಳೆಗೆ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. “ಏನೋ ಅಂಟಿದೆ ಕಣೆ, ಹೋಗ್ತಾನೇ ಇಲ್ಲ,” ಎಂದು ಮಗಳಿಗೇ ತೋರಿಸಿದರು.

ಮಾರನೆಯ ದಿನದಿಂದ ಅವರು ಕೆಂಚನಿಗೆ ತುತ್ತು ಕೊಡಲಿಲ್ಲ. ಕಾರಣ ಕೇಳಿದರೆ ಗೊತ್ತಿಲ್ಲ. ಬಟ್ಟಲು ಮುಂದಿಟ್ಟರೆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಕೆಂಚ ಮೂರು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ತಾಯಿಯೂ ಎರಡು ತುತ್ತಿಗೇ ಏಳತೊಡಗಿದರು.

ನಾಲ್ಕನೆಯ ದಿನ ಸುಪ್ರಜಾ ಲೈಬ್ರರಿಗೆ ರಜಾ ಹಾಕಿದಳು. ತಾಯಿಯ ಕಣ್ಣೆದುರೇ ಅನ್ನಕ್ಕೆ ಮೊಸರು ಸುರಿದು, ಅವರ ಕೈಯನ್ನು ಮೆಲ್ಲಗೆ ಹಿಡಿದು ತಟ್ಟೆಯೊಳಗೆ ಇಟ್ಟಳು. ಚೂಡಾಮಣಿ ಬೆರಳನ್ನು ಮೂಗಿನ ಬಳಿ ಹಿಡಿದು ನೋಡಿದರು. ಆಮೇಲೆ ಕಲಸಿದರು. “ಆ ಮಾಡೋ,” ಎಂದರು. ಕೆಂಚ ತಟ್ಟೆ ಖಾಲಿ ಮಾಡಿದ. ಸುಪ್ರಜಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ವಾರದೊಳಗೆ ಕೆರೆತ ಮರಳಿ ಬಂತು. ತೇಜಶ್ರೀ ಕೆರೆತದ ಮಾತ್ರೆ ಬರೆದುಕೊಟ್ಟರು.

“ವರ್ಷಗಟ್ಟಲೆ ಕೊಡೋ ಮಾತ್ರೆ ಅಲ್ಲ ಇದು ಮೇಡಂ. ಲಿವರ್‌ಗೆ ಹೊಡೆಯುತ್ತೆ. ಊಟ ಬದಲಾಯಿಸದೆ ಬೇರೆ ದಾರಿ ಇಲ್ಲ.”

“ಗೊತ್ತು ಡಾಕ್ಟ್ರೇ,” ಎಂದು ಸುಪ್ರಜಾ ಚೀಟಿ ಮಡಚಿಕೊಂಡಳು.

ಈಗ ಕೆಂಚನ ಎರಡು ಕಿವಿಯೂ ಮಂದ. ಕೀವು ಒಳಗೆಲ್ಲ ಹಬ್ಬಿ, ಊತ ಬಂದು ದಾರಿ ಮುಚ್ಚಿಹೋಗಿದೆ. ಚೂಡಾಮಣಿ ಕುರ್ಚಿಯಲ್ಲಿ ಕುಳಿತು ಕರೆಯುತ್ತಾರೆ, ಅವನು ಬಾಗಿಲ ಬಳಿ ಬೆನ್ನು ಹಾಕಿ ಮಲಗಿರುತ್ತಾನೆ. “ಕೋಪ ಮಾಡ್ಕೊಂಡಿದಾನೆ ಕಣೆ,” ಎಂದು ಅವರು ಮಗಳಿಗೆ ಹೇಳುತ್ತಾರೆ. ಸುಪ್ರಜಾ “ಹೂಂ ಅಮ್ಮ” ಎಂದು ಹೋಗಿ, ಅವನ ಬೆನ್ನು ತಟ್ಟಿ ಎಬ್ಬಿಸಿ, ಕೊರಳಪಟ್ಟಿ ಹಿಡಿದು ತಾಯಿಯ ಹತ್ತಿರ ಕರೆದುಕೊಂಡು ಬರುತ್ತಾಳೆ.