ಮಿಸ್ಡ್ ಕಾಲ್‌ಗೆ ಕಾದವರು

ಟ್ರಿಂಗ್. ಒಂದೇ ಸಲ. ನಾನು ಕೈ ಚಾಚಿದೆ.

“ದೊಡ್ಡಮ್ಮಾ, ಎತ್ತಬೇಡಿ!” ತಂಗಿಯ ಮಗಳು ವೀಣಾ ಅಡುಗೆಮನೆಯಿಂದ ಕೂಗಿದಳು. “ನಮ್ಮವರು ಅಂಧೇರಿ ಬಿಟ್ರು ಅಂತ ಅದು. ಕುಕ್ಕರ್ ಇಡ್ಬೇಕು.”

ಗೋರೆಗಾಂವ್‌ನಲ್ಲಿ ಅದು ನನ್ನ ಮೊದಲ ಸಂಜೆ. ಮಂಗಳೂರಿನಲ್ಲಿ ಫೋನ್ ಬಂದರೆ ಎತ್ತಿ, ಊಟ ಆಯಿತಾ ಎಂದು ಕೇಳುತ್ತೇವೆ. ಎತ್ತದಿರುವುದೂ ಒಂದು ಭಾಷೆಯೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿರಲಿಲ್ಲ. ಮೈ ಗಾಡ್, ಎಪ್ಪತ್ತೆರಡಕ್ಕೆ ಮತ್ತೆ ಫಸ್ಟ್ ಸ್ಟ್ಯಾಂಡರ್ಡ್!

ವೀಣಾಳ ಕೆಲಸ ಇನ್ನೂ ಗೊಂದಲದ್ದು. ಬೇರೆ ಬೇರೆ ಊರುಗಳಲ್ಲಿರುವ ಕಂಪ್ಯೂಟರುಗಳು ಸಂದೇಶ ಬಂದಾಗ ಮಾತ್ರ ಎಚ್ಚೆತ್ತು ಉತ್ತರಿಸುತ್ತವಂತೆ. ಒಂದಕ್ಕೊಂದರ ಮುಖ ಕಾಣದು. ಸಾಫ್ಟ್‌ವೇರ್ ಕಟ್ಟುವ ಮೊದಲೇ ಅವು ಹೇಗೆ ನಡೆದುಕೊಂಡಾವು ಎಂದು ಈಕೆ ವೃತ್ತ, ಬಾಣ ಬರೆದು ನೋಡುತ್ತಾಳೆ. ಒಂದೊಂದು ಕಂಪ್ಯೂಟರಿಗೆ ಒಂದೊಂದು ವೃತ್ತ; ಅದಕ್ಕೆ ಅವರ ಭಾಷೆಯಲ್ಲಿ ‘ಆ್ಯಕ್ಟರ್’ ಎಂದು ಹೆಸರಂತೆ. “ಫಿಲ್ಮ್ ಸಿಟಿಯವರಾ?” ಎಂದು ಕೇಳಿದ್ದಕ್ಕೆ ಕೆಮ್ಮು ಬರುವಷ್ಟು ನಕ್ಕಳು.

ಇಲ್ಲಿ ನನಗಿದ್ದ ಒಬ್ಬಳೇ ಗೆಳತಿ ಫಿಲೋಮಿನಾ, ಕಾನ್ವೆಂಟಿನ ಬೆಂಚ್‌ಮೇಟ್. ಪರೇಲ್‌ನ ಚಾಳ್‌ನಲ್ಲಿ ಬಾಳು ಸವೆಸಿದವಳು ಈಗ ಮಗನೊಂದಿಗೆ ನಾಗಪುರಕ್ಕೆ ಹೊರಟಿದ್ದಳು. ಅದಕ್ಕೆ ಮೊದಲು ಅವಳನ್ನು ಕೇಳಬೇಕಿತ್ತು: ಜೊತೆಗೇ ಇದ್ದುಬಿಡಿ ಎನ್ನುತ್ತಾಳೆ ವೀಣಾ; ನಾನು ಇಲ್ಲೇ ಇರಲೋ, ಊರಿಗೆ ಮರಳಲೋ? ಎರಡೂ ಕಡೆಯನ್ನು ಬಲ್ಲವಳು ಅವಳೊಬ್ಬಳೇ. ಅವಳಿಗೆ ಕಿವಿ ಮಂದ, ಫೋನಿನಲ್ಲಿ ಮಾತಾಗದು; ಮಿಸ್ಡ್ ಕಾಲ್ ಆದರೆ ಕಣ್ಣಿಗೆ ಕಾಣುತ್ತದೆ. ಹೊರಡುವ ದಿನ ಮಿಸ್ಡ್ ಕಾಲ್ ಆದ ಮೇಲೆ ಭೇಟಿ ಎಂದು ಕಾರ್ಡು ಬರೆದುಕೊಂಡಿದ್ದೆವು.

ಆ ಬೆಳಿಗ್ಗೆ ಸೀರೆಯುಟ್ಟು ಕುಳಿತೆ. ಹನ್ನೊಂದಾದರೂ ಸದ್ದಿಲ್ಲ.

“ಕಾಲ್ ಯಾರು ಕೊಡೋದು ಅಂತಿತ್ತು?” ವೀಣಾ ಕೇಳಿದಳು.

“ಅವಳು... ಐ ಥಿಂಕ್.”

ವೀಣಾ ಎರಡು ವೃತ್ತ ಬರೆದಳು. “ಅವರೂ ನೀವೇ ಕೊಡ್ತೀರಿ ಅಂದ್ಕೊಂಡಿದ್ರೆ? ಇಬ್ರೂ ಕಾಯ್ತಾನೇ ಇರ್ತೀರಿ. ಇದಕ್ಕೆ ಡೆಡ್‌ಲಾಕ್ ಅಂತಾರೆ. ಯಾರಾದ್ರೂ ಒಬ್ರು ಕಾಯೋದು ಬಿಡ್ಬೇಕು. ಏಳಿ, ಏಳಿ!”

ನಾನೇ ರಿಂಗ್ ಕೊಟ್ಟೆ. ನೋಡಿದಳೋ, ಫೋನ್ ಆಗಲೇ ಚೀಲ ಸೇರಿತ್ತೋ, ತಿಳಿಯುವ ಬಗೆಯಿರಲಿಲ್ಲ. ಲೋಕಲ್ ಹಿಡಿದು ಪರೇಲ್ ಮುಟ್ಟಿದಾಗ ಫಿಲ್ಲು ಟ್ಯಾಕ್ಸಿಯಲ್ಲಿ ಕುಳಿತಾಗಿತ್ತು.

“ರಿಂಗ್ ಯಾಕೆ ಕೊಡ್ಲಿಲ್ಲ ಮಾರಾಯ್ತಿ?”

“ನೀನು ಕೊಡ್ಲಿಕ್ಕಿತ್ತಲ್ಲಾ!” ಎಂದು ಕಿವಿಯ ಹತ್ತಿರ ಕೂಗಿದೆ.

“ನಾನಾ? ಅಯ್ಯೋ, ನಿನ್ನ ಮಂಡೆ!”

ನಕ್ಕೆವು. ಸಿಕ್ಕ ಸಮಯ ಅಷ್ಟೇ. ಟ್ರೇನ್ ತಪ್ಪುತ್ತದೆಂದು ಮಗ ಅವಸರಿಸಿದ. ಟ್ಯಾಕ್ಸಿ ಕದಲಿತು.

“ಫಿಲ್ಲು, ನಾನು ಇರ್ಲಾ, ಹೋಗ್ಲಾ?” ಎಂದು ಕಿಟಕಿಗೆ ಬಾಗಿ ಕೂಗಿದೆ. ಅಷ್ಟರಲ್ಲಿ ಗಾಜು ಏರಿತು.

ಮಳೆಗಾಲಕ್ಕೆ ಮೊದಲೇ ನಾಗಪುರದಿಂದ ಅವಳ ಸಾವಿನ ಸುದ್ದಿ ಬಂತು. ಹಾಗಾಗಿ ಕಡೆಯ ಸಲ ಕಂಡದ್ದು ಅದೇ: ಏರಿದ ಗಾಜಿನ ಹಿಂದೆ ಅವಳ ತುಟಿ ಆಡಿತು. ಇರು ಎಂದಳೋ, ಹೋಗು ಎಂದಳೋ. ತಿಳಿದವಳ ಹಾಗೆ ನಾನು ತಲೆಯಾಡಿಸಿಬಿಟ್ಟೆ. ಅದನ್ನು ಕಂಡು, ಹೇಳಿದ್ದು ಮುಟ್ಟಿತೆಂದು, ಅವಳು ನಿರಾಳವಾಗಿ ಸೀಟಿಗೊರಗಿದಳು.